ಪರಸಿ ತಳಗಿನ ಸಾಲು

ಹಾಡು ಹ್ಯಾಂಗ ಕಟ್ತಿ ಹುಸನಪ್ಪ, ಅಂತ ಕೇಳ್ತಾರ.
ಪರಸಿ ಹ್ಯಾಂಗ ಕೊಯ್ತಿ ಅಂತ ಕೇಳ್ರಿ, ಹೇಳ್ತೀನಿ:
ಎರಡು ಬೈ ಎರಡು, ಎರಡು ಬೈ ಮೂರು,
ಕರೀದು, ನೀಲೀದು, ಬೂದಿ ಬಣ್ಣದ್ದು,
ನೀರು ಬಿಡದಿದ್ರ ಬ್ಲೇಡು ಕೆಂಪಾಗಿ ಮುರೀತದ.
ಇದಕ್ಕ ಲೆಕ್ಕ ಅದ.

ಆ ವರ್ಷ ಅಲಾಯಿಗೆ ಒಂಬತ್ತು ದಿನ ಉಳದಿತ್ತು.
ಭಂಕೂರಿನ ಮೇಳದವರು ಸವಾಲಿನ ಪದ ಕಟ್ಟಿಟ್ಟಾರ ಅಂತ
ಶಹಾಬಾದ ಸ್ಟೇಶನ್ನಿನ ಚಾದಂಗಡಿತನಕ ಸುದ್ದಿ.
ಮೌಲಾಲಿ ಮಾವ ದಿನಾ ಸಂಜಿಗೆ ಬಂದು
ಹಲಗಿ ಕಾಸಿಗೋತ ಕಟ್ಟಿಮ್ಯಾಲ ಕುಂತು
"ಬಂತೇನೋ?" ಅಂತಿದ್ದ,
ವಾಡಿ ಬಸ್ಸು ಕೇಳಿದಂಗ.

ಮಗಳ ಭೂಗೋಲದ ನೋಟ್‌ಬುಕ್ಕಿನ ಹಿಂದಿನ ಹಾಳಿ.
ಬರದೆ, ಹೊಡದ್ಹಾಕ್ದೆ. ಬರದೆ, ಹೊಡದ್ಹಾಕ್ದೆ.
ಬರದದ್ದೆಲ್ಲ ಹೋದ ವರ್ಷದ್ದೇ,
ಹಳೀ ಅಂಗಿ ತಿರುವಿ ತೊಟ್ಟಂಗ.
ಕಾಗಿಣಾ ದಂಡಿಗೆ ಹೋಗಿ ಕುಂತೆ. ಸೊಳ್ಳಿ ಕಡದ್ವು.
ಮೂರು ದಿನ ಬೀಡಿ ಬಿಟ್ಟೆ.
ಕೆಮ್ಮು ಹೋಯ್ತು. ಹಾಡು ಬರಲಿಲ್ಲ.

ಐದನೇ ದಿನ, ಮಧ್ಯಾಹ್ನ ಮೂರಕ್ಕ,
ಬ್ಲೇಡು ಚೀರ್ಲತ್ತಿತ್ತು, ಮೊಳಕಾಲತನಕ ಕಲ್ಲಿನ ರಾಡಿ,
ಖಾಜಾಮಿಯಾ ಮಾಲಕಗ ಕೈಸನ್ನಿಯೊಳಗ ಬೈಲತ್ತಿದ್ದ
(ಆ ಗದ್ದಲದಾಗ ನಮ್ಮ ಮಾತೆಲ್ಲ ಕೈಲೇ)
ಆಗ ಬಂತು.
ಒಂದಲ್ಲ, ನಾಕು ಸಾಲು. ಧಾಟಿ ಸುದ್ದಾ.
ಬ್ಲೇಡಿನ ಚೀರಾಟದಾಗೇ ಶ್ರುತಿ ಹಿಡಕೊಂಡು,
ಕರೀದೇ ಬಂದ ಬೀಗರಂಗ,
ಬರೋ ಮುಂದ ಉಂಡೇ ಬಂದವರಂಗ,
ನನ್ನಿಂದ ಏನೂ ಬೇಡದೆ.

ಕೈಯಾಗ ಸೈಜು ಬರಿಯೋ ಕೆಂಪು ಪೆನ್ಸಿಲು.
ಮುಂದ ಒಂದು ಎರಡು ಬೈ ಎರಡು,
ಬೆನ್ನು ಮ್ಯಾಲ ಮಾಡಿ ಮಲಗಿತ್ತು, ಒಣಗಿದ್ದು.
ಬರದೆ. ಗ್ವಾಡಿಗೆ ಆನಿಸಿ ಇಟ್ಟೆ.
ಆಮ್ಯಾಲ ಅದರ ಕಡಿ ಮನಸೇ ಹಾಕಲಿಲ್ಲ.
ಬರದಿಟ್ಟದ್ದನ್ನ
ತಲಿ ಮತ್ತ ಯಾಕ ಹೊರ್ತದ?

ಮುಂಜಾನಿ ಬಂದು ನೋಡಿದ್ರ
ಗ್ವಾಡಿಮ್ಯಾಲ ಕಲ್ಲು ಆನಿಸಿದ ಹಸಿ ಗುರುತಷ್ಟೇ.
ರಾತ್ರಿ ಲಾರಿ ಬಂದಿತ್ತಂತ, ಮಹಾರಾಷ್ಟ್ರದ್ದು.
ಬಿಲ್ಲಿನಾಗ: ಲಾತೂರ, ನಾನೂರಾ ಎಂಬತ್ತು ನಗ.
ಪಾರ್ಟಿ ಹೆಸರಿನ ಜಾಗಾ ಖಾಲಿ.

ಅಲಾಯಿಗೆ ಬ್ಯಾರೇ ಪದ ಹಾಡಿದ್ವಿ.
ಗೆದ್ವಿ ಸುದ್ದಾ. ಹುಡುಗರು ಶಿಳ್ಳಿ ಹೊಡದ್ರು,
ಭಂಕೂರಿನವರೇ ನನ್ನ ಕೊರಳಿಗೆ ಟವೆಲ್ಲು ಹಾಕಿದ್ರು.
ಮೌಲಾಲಿ ಮಾವ ಹಲಗಿ ಚೀಲಕ್ಕ ಹಾಕ್ಕೋತ
ನನ್ನ ಮಾರಿ ನೋಡದೆ ಅಂದ:
"ಇದು ಬಂದದ್ದಲ್ಲ. ತಂದದ್ದು."

ಹನ್ನೊಂದು ವರ್ಷ ಆಯ್ತು. ಮಾವ ಈಗಿಲ್ಲ.
ಲಾತೂರಿನ ಯಾವುದೋ ಅಡಗಿಮನ್ಯಾಗ
ಸಿಮೆಂಟಿನಾಗ ಮಾರಿ ಹುಗಿದು ಬಿದ್ದಿರಬೇಕು ನನ್ನ ನಾಕು ಸಾಲು.
ಅದರ ಮ್ಯಾಲ ಕುಂತು ಯಾವಾಕಿಯೋ ಭಾಕ್ರಿ ಬಡೀತಿರಬೇಕು,
ಅಂಗೈ ಸಪ್ಪಳ ತಾಳಕ್ಕ ಕೂಡ್ತಿರಬಹುದು,
ಕೂಡದೇನೂ ಇರಬಹುದು.

"ಕಳದ ಎಮ್ಮಿಗೆ ಹಾಲು ಜಾಸ್ತಿ," ಅಂತಾಳ ನನ್ನಾಕಿ.
"ಸಿಕ್ಕಿದ್ರ ಅದೂ ನಿನ್ನ ಉಳದ ಪದದಂಗೇ ಇರ್ತಿತ್ತು."
ಇರಬಹುದು.
ಆದ್ರ ನಾ ಯಾರ ಮನಿಗೆ ಹೋದ್ರೂ
ಪರಸಿಮ್ಯಾಲ ಹಿಮ್ಮಡ ಜೋರು ಊರಂಗಿಲ್ಲ.

ಒಂದೇ ಶಬ್ದ ಉಳದದ ನನ್ನ ಹಂತ್ಯಾಕ.
ಯಾವ ಸಾಲಿಂದೋ, ಮೊದಲಿಂದೋ ಕಡೀದೋ:
"ಅಷ್ಟರಾಗ."

ಅಷ್ಟರಾಗ ಏನಾಯ್ತು? ಯಾರು ಬಂದ್ರು?
ಬಾವಿಗೆ ಹಗ್ಗ ಬಿಟ್ಟಂಗ ಆ ಶಬ್ದ ಬಿಟ್ಟು
ಮಧ್ಯಾಹ್ನದ ಊಟದ ಹೊತ್ತಿನಾಗ ಕುಂದರ್ತೀನಿ,
ಬ್ಲೇಡು ಬಂದ್ ಇರ್ತದ, ಎಲ್ಲಾ ಶಾಂತ,
ಶಾಂತ ಇದ್ರ ಅದು ಬರಂಗಿಲ್ಲಂತ ಗೊತ್ತಿದ್ದೂ.
ಅಷ್ಟರಾಗ, ಅಂತೀನಿ.
ಸಿಮೆಂಟ್ ಫ್ಯಾಕ್ಟರಿ ಭೋಂಗಾ ಊದ್ತದ.
ಬ್ಲೇಡಿಗೆ ನೀರು ಬಿಡ್ಲಾಕ ಏಳ್ತೀನಿ.